ದೋಣಿಯ ಹೊಟ್ಟೆಯಲ್ಲಿ ತಂಪು ಮರಳು

ನಾನೊಂದು ದೋಣಿ. ಅದಕ್ಕೂ ಮೊದಲು ಕುಮಟೆಯ ಕಡೆಯ ಒಂದು ಮಾವಿನ ಮರ. ಜಟ್ಟಪ್ಪ ಹರಿಕಂತ್ರನ ಅಪ್ಪ ನನ್ನ ಕಾಂಡ ಕೊರೆಸಿ, ಮೀನೆಣ್ಣೆ ಬಳಿದು, ಮೂತಿಗೆ ಕುಂಕುಮವಿಟ್ಟು ಕಡಲಿಗಿಳಿಸಿದ. ಅವನ ನಂತರ ನನ್ನೊಳಗೆ ನಿಂತವನು ಜಟ್ಟಪ್ಪ. ಅವನ ಮುಖ ನಾನು ಕಂಡದ್ದು ಕಡಿಮೆ. ಅಂಗಾಲಿನಿಂದಲೇ ಮನಸ್ಸು ತಿಳಿಯುತ್ತಿತ್ತು.

ಮನುಷ್ಯರು ಕಡಲನ್ನು ಕಣ್ಣಿನಿಂದ ನೋಡುತ್ತಾರೆ, ನಾನು ಹೊಟ್ಟೆಯಿಂದ. ಮೊದಲೆಲ್ಲ ಮಳೆಗಾಲ ಕಳೆದ ನೀರು ತಣ್ಣಗೆ ತಾಗಿದರೆ, ಹಿಂದೆಯೇ ತಾರ್ಲೆ ಮೀನಿನ ಹಿಂಡು ಬರುತ್ತಿತ್ತು. ಬರಬರುತ್ತ ಆ ತಣುಪು ಸಿಗಲಿಲ್ಲ. ತಾರ್ಲೆ ತಂಪು ಹುಡುಕಿಕೊಂಡು ದೂರ ಹೋಯಿತು. ಬಲೆ ತುಂಬ ಬರೀ ಲೋಳೆಮೀನು. ಕೊನೆಗೆ ಜಟ್ಟಪ್ಪ ನನ್ನನ್ನು ದಡಕ್ಕೆಳೆದು ಸುರಹೊನ್ನೆ ಮರದ ಕೆಳಗೆ ಬಿಟ್ಟ.

"ಒಲೆಗಾದ್ರೂ ಆಗ್ತದೆ," ಎಂದ ಒಂದು ದಿನ, ಕೊಡಲಿ ಹಿಡಿದು.

ಆಗುವುದಿಲ್ಲ ಎಂದೆ ನಾನು. ಅದು ಕೇಳಿಸಿದ್ದು ಅವನ ಮಗಳು ದೇವಮ್ಮನಿಗೆ ಮಾತ್ರ ಎಂದು ನನ್ನ ನಂಬಿಕೆ. ಕೊಡಲಿಯನ್ನು ಕಸಿದುಕೊಂಡಳು.

ನಮ್ಮ ದಡದಲ್ಲಿ ಆಮೆ ಎಂದರೆ ದೇವರು. ಬಲೆಗೆ ಸಿಕ್ಕರೆ ಕುಂಕುಮ ಹಚ್ಚಿ, ಕೈಮುಗಿದು ಬಿಡುತ್ತಾರೆ. ಹಿಂದಿನ ವರ್ಷ ಆ ದೇವರಿಟ್ಟ ಮೊಟ್ಟೆಗಳು ಕಾದ ಮರಳಿನಲ್ಲೇ ಬೆಂದುಹೋಗಿದ್ದವು. ಈ ಸಲ ಆಮೆ ಬಂದು ಮೊಟ್ಟೆಯಿಟ್ಟದ್ದೇ ದೇವಮ್ಮ ಅರಣ್ಯ ಇಲಾಖೆಯ ಕಾವಲುಗಾರನನ್ನು ಕರೆತಂದಳು. ನೆರಳಿನ ಒದ್ದೆ ಮರಳನ್ನು ಬುಟ್ಟಿಬುಟ್ಟಿಯಾಗಿ ನನ್ನೊಳಗೆ ಸುರಿದಳು.

"ಹುಚ್ಚೇನೇ ನಿಂಗೆ? ದೋಣಿಗೆ ಮರಳ ತುಂಬೂದಾ? ಮುಳುಗ್ತದೆ!"

"ದಡದ ಮೇಲೆ ಎಲ್ಲಿ ಮುಳುಗ್ತದೆ ಅಪ್ಪ? ನೀ ಸುಮ್ನೆ ಮಡ್ಲು ಹೆಣಿ."

ಗೊಣಗುತ್ತಲೇ ಅವನು ತೆಂಗಿನ ಮಡಲು ಹೆಣೆದು ಚಪ್ಪರ ಹಾಕಿದ. ಕಾವಲುಗಾರ ಮೊಟ್ಟೆಗಳನ್ನು ಒಂದೊಂದಾಗಿ, ಮಗ್ಗುಲು ಬದಲಿಸದೆ ತಂದು ನನ್ನೊಳಗಿನ ಮರಳಿನಲ್ಲಿ ಹೂತ. ಮೀನು ಹೊತ್ತ ನನ್ನ ಹೊಟ್ಟೆ ಬಸುರಾಯಿತು. ಬಿಸಿಲು ಮೇಲಿಂದ ಒದೆಯಿತು. ಒದೆಯಲಿ. ನಾನು ಮಾವಿನ ಮರ. ನೆರಳು ಕೊಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಒಂದು ಮುಸ್ಸಂಜೆ ಮರಳು ಅಲುಗಿತು. ದೇವಮ್ಮ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ದಡದಲ್ಲಿ ಇಳಿಸಿದಳು. ಅಷ್ಟರಲ್ಲಿ ಜಟ್ಟಪ್ಪ ನನ್ನ ಮೂತಿಯ ಮೇಲೆ ಹಣತೆ ಹಚ್ಚಿದ್ದ. ಕಡಲಿಗೆ ಹೋಗುವವರಿಗಾಗಿ ಹಚ್ಚಿದ ದೀಪವನ್ನು ಆ ಮನೆಯಲ್ಲಿ ಯಾರೂ ಕೈಯಾರೆ ಆರಿಸುವುದಿಲ್ಲ. ಮರಿಗಳು ಆ ಬೆಳಕು ಕಂಡವು. ಕಡಲಿಗೆ ಬೆನ್ನು ಹಾಕಿ ನನ್ನತ್ತ ತೆವಳಿದವು. ನನ್ನ ಬುಡದಲ್ಲಿ ಏಡಿಗಳು ಕಾದಿದ್ದವು.

"ದೀಪ ಆರ್ಸು ಅಪ್ಪ! ಅವು ಬೆಳಕಿದ್ದಲ್ಲೇ ಹೋಗ್ತವೆ, ಕಾವಲುಗಾರ್ರು ಹೇಳಿರ್ಲಿಲ್ವಾ?"

"ಕಡ್ಲಿಗೆ ಹೋಗೋರ ದೀಪ ಆರ್ಸೂದಾ? ಬಾಯ್ಮುಚ್ಚೇ!"

ಒಂದು ಏಡಿ ಮರಿಯೊಂದರ ಕಾಲು ಕಚ್ಚಿತು. ಜಟ್ಟಪ್ಪ ನೋಡಿದ. ಬಗ್ಗಿ ಮರಿಯನ್ನು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನನ್ನ ಬಳಿ ಬಂದ.

"ದೇವ್ರಿಗೇ ಕತ್ಲೆ ಬೇಕಾರೆ ಬೇಡ ಹೇಳೂಕೆ ನಾ ಯಾರು?"

ಉರಿಯುವ ಬತ್ತಿಯನ್ನು ಬರಿ ಬೆರಳಿನಲ್ಲಿ ಹಿಸುಕಿದ.

ಕತ್ತಲಲ್ಲಿ ಕಡಲೊಂದೇ ಮಿನುಗಿತು. ಮರಿಗಳು ತಿರುಗಿದವು, ಹೋದವು.

ಈಗ ನನ್ನ ಒಂದು ಮಗ್ಗುಲಿಗೆ ಗೆದ್ದಲು ಹಿಡಿದಿದೆ. ಮೊನ್ನೆ ಜಟ್ಟಪ್ಪ ಅದನ್ನು ಕೆರೆದು, ಎಲ್ಲಿಂದಲೋ ಮೀನೆಣ್ಣೆ ತಂದು ಬಳಿದ. ಕಡಲಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಜ್ವರ ತಂದವರ ಮೇಲಿದೆ. ಜ್ವರ ಏರುತ್ತಲೇ ಇದೆ. ಏರಲಿ, ನಾನು ಇಲ್ಲಿಂದ ಏಳುವುದಿಲ್ಲ. ಹೊಟ್ಟೆಯ ಮರಳು ಇನ್ನೂ ಒದ್ದೆಯಿದೆ. ಕಡಲಿನಿಂದ ಬರುವವರು ಬರಲಿ.