ನಡುವೆ ಯಾರೂ ಹತ್ತದ ದೋಣಿ

ನಿನ್ನ ಬಿಟ್ಟು ನಾ ಒಬ್ಬಾಕಿನ ಸಮುದ್ರ ನೋಡಂಗಿಲ್ಲ ಅಂದಿದ್ದೆ, ಐದು ವರ್ಷದ ಹಿಂದೆ, ಬಾಗಲಕೋಟೆಯ ಹಿನ್ನೀರಿನ ಸೇತುವೆಯ ಮೇಲೆ, ಇಂಥದೇ ಬಸ್ಸಿನ ಕಿಟಕಿಯಲ್ಲಿ, ಮಗಳು ಬನಶ್ರೀಗೆ ಆಗ ನಾಲ್ಕು, ಮೂಗನ್ನು ಸರಳಿಗೆ ಒತ್ತಿಕೊಂಡು ಇದು ಸಮುದ್ರ ಏನ್ ಮಮ್ಮಿ ಅಂತ ಕೇಳಿದ್ದಳು, ಅಲ್ಲವ್ವಾ, ಇದಕ್ಕ ಆಚೀ ದಂಡಿ ಕಾಣ್ತೈತಿ ನೋಡು, ಸಮುದ್ರಕ್ಕ ಕಾಣಂಗಿಲ್ಲಂತ, ನೀ ನೋಡೀಯೇನು, ಇಲ್ಲವ್ವಾ, ನಾನೂ ನೋಡಿಲ್ಲ, ಇಬ್ರೂ ಕೂಡೇ ನೋಡೂಣು, ನಿನ್ನ ಬಿಟ್ಟು ನೋಡಂಗಿಲ್ಲ ತಗೋ — ಎಲ್ಲಿಗ್ರಿ ಯಜಮಾನ್ರ, ಬದಾಮಿಗೆ ಒಂದು, ಚಿಲ್ಲರೆ ಕೊಡ್ರಿ — ಬಿಸಿಲು ಬಿದ್ದು ಟಿಕೆಟ್ ಮಷಿನ್ನಿನ ಪರದೆ ಕಾಣುತ್ತಿಲ್ಲ, ಕೈಯಿಂದ ನೆರಳು ಮಾಡಿ ಒತ್ತಬೇಕು, ಖಾಕಿ ಅಂಗಿಯ ಜೇಬಿನಲ್ಲಿ ಫೋನು ಮತ್ತೆ ನಡುಗಿತು, ನೋಡುವುದೇ ಬೇಡ, ಮುರ್ತುಜಸಾಬನೇ, ಇಳಕಲ್ಲಿನಲ್ಲಿ ಟ್ರಾವೆಲ್ಸ್ ಇಟ್ಟಿರುವವನು, ಈಗ ಬಸ್ಸು ಬಿಡುವಾಗ ಓಡಿ ಬಂದು ಬಾಗಿಲಿಗೆ ಜೋತುಬಿದ್ದು ಹೇಳಿದ್ದ, ಅಕ್ಕಾರ, ಅಂಡಮಾನದ ದೋಣಿಯವ ಕಾಯಾಕತ್ತಾನ್ರಿ, ಎಷ್ಟು ಮಂದಿ ಅಂತ ಇವತ್ತ ಹೇಳಬೇಕು, ಮೂರು ಅಂದ್ರ ಹುಡುಗಿಗೆ ನೀರಾಗ ತೇಲೂ ಸಣ್ಣ ಲೈಫ್ ಜಾಕೆಟ್ ಬೇಕು, ಅದು ಆ ದ್ವೀಪದಾಗ ಸಿಗಂಗಿಲ್ಲ, ಬ್ಯಾರೆ ಕಡಿಂದ ತರಸಬೇಕು, ವಿಮಾನದ ಮೂರನೇ ಸೀಟೂ ಮಧ್ಯಾಹ್ನದ ಮಟ ಹಿಡದಿಟ್ಟೇನಿ, ನೀವು ಗುಡೂರು ಮುಟ್ಟೂದ್ರೊಳಗ ಹೇಳಿಬಿಡ್ರಿ. ಗುಡೂರಿಗೆ ಇನ್ನು ಮುಕ್ಕಾಲು ತಾಸು. ಎರಡೋ ಮೂರೋ. ದಿನಕ್ಕೆ ನಾಲ್ಕು ನೂರು ಸಲ ಎಷ್ಟ್ರಿ ಅಂತ ಕೇಳುವವಳು ನಾನು, ಒಬ್ಬರೂ ಉತ್ತರಕ್ಕೆ ಮುಕ್ಕಾಲು ತಾಸು ತೆಗೆದುಕೊಂಡದ್ದಿಲ್ಲ.

ಹನಿಮೂನ್ — ಮೂವತ್ತಾರನೇ ವಯಸ್ಸಿನಲ್ಲಿ ಈ ಶಬ್ದ ಬೇರೆಯವರ ಸೀರೆ ಉಟ್ಟಂತೆ ಇದೆ, ಡ್ರೈವರ್ ಯಮನೂರನಿಗೆ ಅದೇ ಸಾಕು, ಗೇರು ಬದಲಿಸುವಾಗೊಮ್ಮೆ ಕನ್ನಡಿಯಲ್ಲಿ ನೋಡುತ್ತಾನೆ, ಏನ್ರಿ ಶೈಲಕ್ಕ, ಸಮುದ್ರದಾಗೂ ಟಿಕೆಟ್ ಹರೀತೀರೇನು ಮತ್ತ, ಮೀನಿಗೆ ಫುಲ್ಲೋ ಹಾಫೋ, ಗಾಡಿ ನೋಡಿ ಹೊಡಿಯೋ ಮಾರಾಯಾ ಅಂದೆ, ನಕ್ಕೆ. ಮೀನಿನ ವಿಚಾರ ಶುರುವಾದದ್ದೇ ತಪ್ಪಿನಿಂದ, ಅವರು, ನನ್ನ ಹೊಸ ಗಂಡ ಶಿವಪ್ರಕಾಶ, ಗ್ರಾನೈಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಕಲ್ಲಿನ ಬಿರುಕನ್ನು ಕಣ್ಣಲ್ಲೇ ಹಿಡಿಯುವ ಮನುಷ್ಯ, ಟ್ರಾವೆಲ್ಸಿನ ಚೀಟಿಯಲ್ಲಿ ಫಿಶಿಂಗ್ ಅಂತ ಇದ್ದದ್ದಕ್ಕೆ ಗೀಟು ಹಾಕಿ ಬಂದರು, ಮೀನು ನೋಡುವುದು ಅಂದುಕೊಂಡು, ಬಣ್ಣಬಣ್ಣದ ಮೀನು ಗಾಜಿನಲ್ಲಿ ತೋರಿಸುತ್ತಾರೆ ಅಂದುಕೊಂಡು, ಮುರ್ತುಜಸಾಬ ಬಿದ್ದು ಬಿದ್ದು ನಕ್ಕ, ಅಣ್ಣಾರ, ಇದು ನೋಡೂದಲ್ರಿ, ಗಾಳ ಹಾಕಿ ಹಿಡಿಯೂದು, ಹಿಡದದ್ದನ್ನ ದಂಡಿಗೆ ಬಂದು ಸುಟ್ಟು ಕೊಡ್ತಾರ, ಕೊರಳಾಗ ಲಿಂಗ ಕಟಗೊಂಡು ನಡದೀರಲ್ರೀ. ಇವರ ಕಿವಿ ಕೆಂಪಾದವು, ಆದರೆ ಗೀಟು ಅಳಿಸಲಿಲ್ಲ, ಹಿಡದು ತಿರಿಗಿ ನೀರಾಗ ಬಿಡೂಣು ಬಿಡೋ, ಯಾರು ತಿನ್ನಾಕ ಹೊಂಟಾರ, ನಾವು ಕಟಿ ರೊಟ್ಟಿ ಶೇಂಗಾ ಚಟ್ನಿ ಒಯ್ತೇವಿ. ದೋಣಿಯವನಿಗೆ ಫೋನಿನಲ್ಲಿ ಇದನ್ನು ಹಿಂದಿಯಲ್ಲಿ ತಿಳಿಸಿದರೆ ಹಾಗಾದರೆ ಗಾಳ ಯಾಕೆ ಅಂತ ಅವನು ಎರಡು ಸಲ ಕೇಳಿದ. ಬೆಳಿಗ್ಗೆ ಐದಕ್ಕೆ ಬಿಡುವುದು, ಹನ್ನೊಂದಕ್ಕೆ ಮರಳುವುದು, ಇಡೀ ದೋಣಿ ನಿಮಗಷ್ಟ, ಬ್ಯಾರೆ ಯಾರನ್ನೂ ಹತ್ತಸಂಗಿಲ್ಲ, ನಿಮ್ಮ ಸಿಸಿ ಗಾಡಿ ಇದ್ದಂಗ ಅಕ್ಕಾರ, ಅಂದ ಮುರ್ತುಜಸಾಬ — ಮದುವೆಗೆ, ಯಾತ್ರೆಗೆ ಬಾಡಿಗೆ ಹೋಗುವ ಬಸ್ಸಿಗೆ ಡಿಪೋದಲ್ಲಿ ಸಿಸಿ ಅನ್ನುತ್ತೇವೆ — ಆ ಮಾತು ನನ್ನಲ್ಲಿ ಎಲ್ಲೋ ಹೋಗಿ ಕೂತಿತು, ನಡುವೆ ಯಾರೂ ಹತ್ತದ ಗಾಡಿ, ಎಂಟು ವರ್ಷದಲ್ಲಿ ನನಗೆ ಸಿಸಿ ಡ್ಯೂಟಿ ಒಮ್ಮೆಯೂ ಬಂದಿಲ್ಲ.

ಆಧಾರ್ ತೋರಸಬೇ, ಮಾರಿ ಅಲ್ಲ, ಆಧಾರ್, ಮುದುಕಿ ಸೆರಗಿನ ಗಂಟು ಬಿಚ್ಚುತ್ತಾಳೆ, ಗಂಟಿನೊಳಗೆ ಗಂಟು, ಹೊರಗೆ ಕೆಂಪು ಕಲ್ಲಿನ ರಾಶಿಗಳು ಮುಗಿದು ಬಿಳಿಜೋಳದ ಹೊಲ ಶುರುವಾಯಿತು, ಅಂದರೆ ಅರ್ಧ ತಾಸು. ಎಂಟು ವರ್ಷ, ಸಂತೋಷಕುಮಾರ ತೀರಿಕೊಂಡು, ನನ್ನ ಮೊದಲಿನ ಗಂಡ, ಇದೇ ಚೀಲ ಇದೇ ರೂಟು, ಅನುಕಂಪದ ನೌಕರಿ ಅಂತ ಅವನ ಜಾಗಕ್ಕೆ ನನ್ನನ್ನು ನಿಲ್ಲಿಸಿದರು, ನಿಂತೆ, ನಿಂತೇ ಇದ್ದೇನೆ, ಮೊಣಕಾಲಿನ ಕೆಳಗೆ ನರಗಳು ನೀಲಿ ಬೇರಿನಂತೆ ಎದ್ದಿವೆ, ಬೆಳಿಗ್ಗೆ ನಾಲ್ಕಕ್ಕೆ ರೊಟ್ಟಿ ಬಡಿದು, ಮಗಳ ಜಡೆ ಹಾಕಿ, ಅವನ ತಾಯಿ, ನನ್ನ ಅತ್ತೆಯ ಕೈಗೆ ಒಪ್ಪಿಸಿ, ಕಳೆದ ತಿಂಗಳ ತನಕ ಗುಡೂರಿನ ಅವಳ ಮನೆಯಲ್ಲೇ ಇದ್ದೆ, ಆಮೇಲೆ ಉಡಿಕಿ ಆಯಿತು. ಎರಡನೇ ಸಲ ತಾಳಿ ಕಟ್ಟಿಸಿಕೊಳ್ಳುವ ಹೆಂಗಸಿಗೆ ವಾದ್ಯವಿಲ್ಲ, ಹಂದರವಿಲ್ಲ, ಕತ್ತಲಿರುವಾಗಲೇ ಮುಗಿಸಬೇಕು, ಮಹಾಕೂಟದಲ್ಲಿ ಐದೇ ಮಂದಿ, ಮತ್ತು ಹೆತ್ತ ಕೂಸು ಅದನ್ನು ಕಣ್ಣಿಲೆ ನೋಡಬಾರದು, ಅದು ಪದ್ಧತಿ, ಬನಶ್ರೀಗೆ ಡಬಲ್ ಡ್ಯೂಟಿ ಐತಿ ಅಂತ ಹೇಳಿ ಹೋದೆ, ಮೂರು ದಿನ ಬಿಟ್ಟು ಹೊಸ ತಾಳಿ ಅಂಗಿಯೊಳಗೆ ಹಾಕಿಕೊಂಡು ಹೇಳಿದೆ, ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಆ ಅಂಕಲ್‌ಗೆ ಮಗ್ಗಿ ಬರ್ತಾವೇನು ಅಂತ ಕೇಳಿದಳು. ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಲಿ ಅಂದೆವು, ಹೀಗಾಗಿ ಈಗ ದಿನಾ ನನ್ನ ಬಸ್ಸು ಗುಡೂರಿನಲ್ಲಿ ನಿಲ್ಲುವ ಎರಡು ನಿಮಿಷ, ಅಷ್ಟೇ, ಸ್ಟಾಪಿನಲ್ಲಿ ನಿಂತಿರುತ್ತಾಳೆ, ಕೈ ಎತ್ತಿಕೊಂಡು, ಬಸ್ಸು ತಿರುವಿನಲ್ಲಿ ಕಾಣುವ ಮೊದಲೇ ಎತ್ತಿರುತ್ತಾಳೆ, ನಮ್ಮ ಗಾಡಿ ನಿಲ್ಲತೈತಲ್ಲವ್ವಾ, ಕೈ ಯಾಕ ಮಾಡ್ತಿ, ನಿಲ್ಲಲಿಲ್ಲಂದ್ರ ಅನ್ನುತ್ತಾಳೆ.

ಮೊನ್ನೆ ಅದೇ ಎರಡು ನಿಮಿಷದಲ್ಲಿ ಫುಟ್‌ಬೋರ್ಡ್ ಹತ್ತಿ ಕಿವಿಯಲ್ಲಿ ಕೇಳಿದಳು, ಮಮ್ಮಿ, ಸಮುದ್ರಕ್ಕ ಅಂಕಲ್‌ನೂ ಬರ್ತಾರೇನು. ಅಂಕಲ್‌ನೂ. ಅವಳ ಲೆಕ್ಕದಲ್ಲಿ ಹೋಗುವವರು ನಾವಿಬ್ಬರು, ಮೂರನೆಯವರು ಅವರು, ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕರೆದುಕೊಂಡು ಹೋಗು, ಅಷ್ಟೇ ಅಲ್ಲವೇ, ಯಾರು ಬೇಡ ಅಂದರು, ಅತ್ತೆ ಗುರುಸಿದ್ದವ್ವ ಬೇಡ ಅನ್ನುತ್ತಾಳೆ ಅಂತ ಕಾದೆ, ಕೂಸು ನಮ್ಮ ಮನಿದು, ಉಡಿಕಿ ಆದಾಕಿ ಹಿಂದ ಯಾಕ ಕಳಸಲಿ ಅನ್ನಬಹುದಿತ್ತು, ಅನ್ನುವ ಹಕ್ಕು ಅವಳಿಗಿದೆ, ಅನ್ನಲಿ ಅಂತ ಕಾದೆ, ಅವಳು ಕರಕೊಂಡ್ ಹೋಗಬೇ, ದಿನಾ ಸಮುದ್ರ ಸಮುದ್ರ ಅಂತ ನನ್ನ ತಲಿ ತಿಂತೈತಿ, ಎರಡು ಫ್ರಾಕು ತಂದಿಟ್ಟೇನಿ ಅಂದಳು. ಇವರಾದರೂ ಮೋರೆ ಸಣ್ಣ ಮಾಡುತ್ತಾರೆ ಅಂತ ಕಾದೆ, ಹೊಸ ಹೆಂಡತಿ, ಐದು ದಿನ, ಯಾವ ಗಂಡಸಿಗೆ ಬೇಕು, ಇವರು ಬರ್ಲಿ ಬಿಡು, ಗಾಳ ಹಾಕೂದು ನನಗೂ ಹೊಸಾದು ಆಕಿಗೂ ಹೊಸಾದು, ಇಬ್ರೂ ಕಲೀತೇವಿ ಅಂದರು, ಖರೆ ಮನಸ್ಸಿನಿಂದ ಅಂದರು, ನಾನು ಅವರ ಕಣ್ಣನ್ನೇ ನೋಡಿದೆ, ಅದರಲ್ಲಿ ಎಲ್ಲೂ ಬಿರುಕು ಸಿಗಲಿಲ್ಲ. ಉಳಿದದ್ದು ಸಣ್ಣ ಜಾಕೆಟ್ಟು ಒಂದೇ, ಅದು ಸಿಗದಿರಲಿ, ದೋಣಿಯವನೇ ಆಗಂಗಿಲ್ಲ ಅನ್ನಲಿ, ಸಮುದ್ರ ಕೆರಳಿದೆ ಅನ್ನಲಿ, ಯಾರಾದರೂ ಒಬ್ಬರು ಬೇಡ ಅನ್ನಲಿ — ಹೋಲ್ಡಾನ್, ಇಳಿಯೋರು ಅದಾರ, ಲಗೂ ಇಳೀರಿ, ಹಾಂ, ರೈಟ್ — ಯಾಕೆ ಕಾಯುತ್ತಿದ್ದೇನೆ, ಶೈಲಾ, ಯಾಕೆ.

ಯಾಕೆಂದರೆ ನನಗೇ ಬೇಡ. ಬಾಯಿಬಿಟ್ಟು ಅಂದಿಲ್ಲ, ಮನಸ್ಸಿನಲ್ಲಿ ಅಂದದ್ದಕ್ಕೇ ಸುತ್ತ ನೋಡಿದೆ, ಮುದುಕಿ ನಿದ್ದೆ ಹೋಗಿದ್ದಾಳೆ, ಯಾರೂ ಕೇಳಿಸಿಕೊಂಡಿಲ್ಲ. ನನ್ನ ಮಗಳೇ ಬೇಡ ಅಲ್ಲ, ಹಾಗಲ್ಲ, ಅವಳ ಜಡೆ ಬೇಡ, ಅವಳ ನೀರಿನ ಬಾಟಲಿ, ಮಮ್ಮಿ ಒಂದಕ್ಕ, ಮಮ್ಮಿ ಹಸಿವಿ, ಅಲೆ ಬಂದರೆ ಎಲ್ಲಿದ್ದಾಳೆ ಅಂತ ಹಾರುವ ಎದೆ, ಐದು ದಿನ ಅಷ್ಟೇ, ಒಂದು ಬೆಳಿಗ್ಗೆ ಅಷ್ಟೇ, ದೋಣಿಯ ಹಲಗೆಯ ಮೇಲೆ ಕೂತಿರಬೇಕು, ನಿಲ್ಲುವುದಲ್ಲ, ಕೂತಿರಬೇಕು, ಕೈಯಲ್ಲಿ ಗಾಳದ ಕೋಲು, ಮೀನು ಬಂದರೆ ಬರಲಿ ಬಿಟ್ಟರೆ ಬಿಡಲಿ, ಹಿಂದೆ ಯಾರೂ ಕಂಡಕ್ಟರ್ ಅನ್ನುವುದಿಲ್ಲ, ಯಾರೂ ಮಮ್ಮಿ ಅನ್ನುವುದಿಲ್ಲ, ಪಕ್ಕದ ಗಂಡಸು ಶೈಲಾ ಅನ್ನುತ್ತಾನೆ, ಹೂಂ ಅನ್ನುತ್ತೇನೆ, ಮುಂದೆ ಆಚೆ ದಂಡೆ ಇಲ್ಲ, ಸ್ಟಾಪಿಲ್ಲ, ಕೈ ಎತ್ತುವವರಿಲ್ಲ. ಇಂಥ ತಾಯಿ ಇರುತ್ತಾಳೆಯೇ, ಇರುತ್ತಾಳೆ, ಇಳಕಲ್–ಬದಾಮಿ ಬಸ್ಸಿನಲ್ಲಿದ್ದಾಳೆ, ನೀರು ಕುಡಿದೆ, ಬಿಸಿ ನೀರು, ಫೋನು ತೆಗೆದೆ, ಹೆಬ್ಬೆರಳು ಬೆವರಿಗೆ ಜಾರುತ್ತಿದೆ, ಎರಡು ಅಂತ ಬರೆದೆ, ಕಳಿಸಿದೆ, ಇಷ್ಟು ಹಗುರ ಇರುತ್ತದೆಯೇ, ತಕ್ಷಣ ಮುರ್ತುಜಸಾಬನ ಕರೆ ಬಂತು, ಅಕ್ಕಾರ ತಡೀರಿ, ಸಣ್ಣ ಜಾಕೆಟ್ ಸಿಕ್ಕೈತ್ರಿ, ಈಗ ದೋಣಿಯವ ಹೇಳಿದ, ಗುಲಾಬಿ ಬಣ್ಣದ್ದು, ಮೂರು ಮಾಡ್ಲಿ ಅಲ್ರೀ, ಬಸ್ಸಿನ ಸದ್ದು ಕಿವಿ ತುಂಬಿದೆ, ಬ್ಯಾಡ್ರಿ ಮುರ್ತುಜಸಾಬ, ಎರಡ ಮಾಡ್ರಿ, ಅಲ್ರಿ ಅಕ್ಕಾರ, ಮಗಳು, ಎರಡ ಅಂದೆ ಅಲ್ರೀ, ದನಿ ಏರಿತು, ಯಮನೂರ ಕನ್ನಡಿಯಲ್ಲಿ ನೋಡಿದ.

ಗುಡೂರಿನ ತಿರುವು. ನಾನು ಬಾಗಿಲಿಗೆ ಬಂದು ನಿಂತೆ, ಕೈ ಕಾಣಿಸಿತು, ಮಂದಿಯ ನಡುವೆ ಮೊದಲು ಕೈಯೊಂದೇ, ಆಮೇಲೆ ಜಡೆ, ಆಮೇಲೆ ಮುಖ, ಬೆಲ್ಲು ಹೊಡೆದೆ, ಬಸ್ಸು ನಿಂತಿತು, ಅವಳು ಫುಟ್‌ಬೋರ್ಡಿಗೆ ಹಾರಿದಳು, ಮಮ್ಮಿ, ನಂದೂ ವಿಮಾನದ ಟಿಕೆಟ್ ಆತೇನು, ಸಾಲ್ಯಾಗ ಎಲ್ಲಾರಿಗೂ ಹೇಳೇನಿ. ಸಣ್ಣ ಜಾಕೆಟ್ ಸಿಗಲಿಲ್ಲವ್ವಾ ಅನ್ನಬಹುದಿತ್ತು, ನಾಲಗೆಯ ತುದಿಗೆ ಬಂದಿತ್ತು, ಡಬಲ್ ಡ್ಯೂಟಿಯ ಹಾಗೆ ಅದೂ ನಡೆಯುತ್ತಿತ್ತು, ಇಲ್ಲವ್ವಾ ಅಂದೆ, ಈ ಸಲ ನಾವಿಬ್ರ ಹೋಗಿ ಬರ್ತೇವಿ. ಇಬ್ರ ಅಂದ್ರ ಯಾರ್‍ಯಾರು, ಅಂಕಲ್ ಮತ್ತ ನಾ. ಅವಳು ಅಳಲಿಲ್ಲ, ಹಿಂದಿನಿಂದ ಹತ್ತುವವರು ದಬ್ಬುತ್ತಿದ್ದರು, ಸರಿಯವಾ ಸರಿ ಅನ್ನುತ್ತಿದ್ದರು, ಸರಿದಳು, ಇಳಿದಳು, ಎರಡು ನಿಮಿಷ ಆಗಿತ್ತು, ಡಬಲ್ ಬೆಲ್ ನಾನೇ ಹೊಡೆಯಬೇಕು, ಹೊಡೆದೆ, ಬಸ್ಸು ಹೊರಟಿತು, ಧೂಳಿನಲ್ಲಿ ಅವಳು ಕೈ ಎತ್ತಿದಳು, ಟಾಟಾ ಮಾಡುತ್ತಾಳೆ ಅಂದುಕೊಂಡೆ, ಅಲ್ಲಾಡಿಸಲಿಲ್ಲ, ನೆಟ್ಟಗೆ ಎತ್ತಿಯೇ ನಿಂತಳು, ಅಂಗೈ ಬಸ್ಸಿನ ಕಡೆಗೆ, ಮುಂದಕ ಬರ್ರಿ, ಒಳಗ ಜಾಗಾ ಐತಿ, ಟಿಕೆಟ್, ಟಿಕೆಟ್, ಎಲ್ಲಿಗ್ರಿ, ಎಷ್ಟ್ರಿ, ಕೈ ಇನ್ನೂ ಕಾಣುತ್ತಿದೆ, ಎಷ್ಟ್ರಿ, ಕೈ. ಅವಳನ್ನು ಬಿಟ್ಟು ಸಮುದ್ರ ನೋಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಮುರಿದೆ.