ಇಪ್ಪತ್ತನಾಲ್ಕು ನಿಮಿಷದ ಆಟ

"ಎಷ್ಟು ಕೊಟ್ರಿ ಈ ಆಟಕ್ಕೆ? ಸರಿಯಾಗಿ ಹೇಳಿ."

"ಎರಡು ಸಾವಿರದ ಏಳುನೂರು ಯೆನ್," ಎಂದ ತೆತ್ಸುಜಿ. ಅವನು ಚಾಪೆಯ ಮೇಲೆ ಅಂಗಾತ ಮಲಗಿ ಹಣೆಗೆ ಒದ್ದೆ ಟವೆಲ್ ಹಾಕಿಕೊಂಡಿದ್ದ. ಪಕ್ಕದಲ್ಲಿ ಅಳಿಯ ಕೊಟ್ಟ, ಕಣ್ಣಿಗೆ ಕಟ್ಟಿಕೊಂಡು ಆಟ ಆಡುವ ಹಳೆಯ ವಿಆರ್ ಕನ್ನಡಕ ಬಿದ್ದಿತ್ತು.

"ಎಷ್ಟು ಹೊತ್ತಿನ ಆಟ?"

"ಇಪ್ಪತ್ತನಾಲ್ಕು ನಿಮಿಷ."

ಚಿಜುರು ಈರುಳ್ಳಿ ಚೀಲವನ್ನು ನೆಲಕ್ಕಿಟ್ಟಳು. ಅವಳ ಕೋಟನ್ನು ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ನಡುಬೀದಿಯಲ್ಲೇ ನಿಲ್ಲಿಸಿ "ಎಷ್ಟಿರಬಹುದು, ಹೇಳಿ ನೋಡೋಣ" ಅಂತ ಕೇಳಿ, ಅವರು ಐದು ಸಾವಿರ ಅಂದಾಗ "ಎಂಟುನೂರು!" ಎಂದು ಹಿಗ್ಗುವವಳು. ಒಸಾಕಾದಲ್ಲಿ ಹುಟ್ಟಿದವರಿಗೆ ಇದು ರಕ್ತದಲ್ಲೇ ಬಂದದ್ದು. ಅಂಥವಳ ಗಂಡ ಹೀಗೆ ಟೋಪಿ ಹಾಕಿಸಿಕೊಂಡು ಬಂದರೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಆ ಪೇಟೆಯಲ್ಲೇ ಅವಳು ಇಪ್ಪತ್ತು ವರ್ಷದಿಂದ ಕೊರೊಕ್ಕೆ ಎಂಬ ಆಲೂಗಡ್ಡೆ ವಡೆ ಕರಿದು ಮಾರುತ್ತಿದ್ದಳು.

"ಒಂದು ಕೊರೊಕ್ಕೆಗೆ ತೊಂಬತ್ತು. ಅಲ್ಲಿಗೆ ಮೂವತ್ತು ಕೊರೊಕ್ಕೆ. ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ನುಂಗಿದೆ ಈ ಆಟ. ನೀವೇ ಅಷ್ಟು ಬೇಗ ತಿನ್ನಲ್ಲ. ಇಷ್ಟೇ ದುಡ್ಡಿಗೆ ಅರವತ್ತು ಗಂಟೆ ಕತ್ತಿ ಹಿಡಿದು ಹೊಡೆದಾಡೋ ಆಟ ಬರುತ್ತಂತೆ, ಅಯಾನೊ ಹೇಳಿದ್ಲು."

"ಅರವತ್ತು ಗಂಟೆ ಹೊಡೆದಾಡೋಕೆ ಅದೇ ಬೇಕಾ? ಮನೇಲೇ ಸಾಕಷ್ಟಿದೆ."

ಚಿಜುರು ನಗಲಿಲ್ಲ. ಮಗಳು ಅಯಾನೊ ಫೋನಿನಲ್ಲಿ ಇನ್ನೂ ಒಂದು ವಿಷಯ ಹೇಳಿದ್ದಳು. ಕೊಂಡು ಎರಡು ವಾರ ಆಗಿರಬಾರದು, ಆಡಿದ್ದು ಒಟ್ಟು ಎರಡು ಗಂಟೆ ತುಂಬಿರಬಾರದು; ಹಾಗಿದ್ದರೆ ಆಟವನ್ನು ವಾಪಸ್ ಕೊಡಬಹುದು, ದುಡ್ಡು ಪೂರ್ತಿ ಬರುತ್ತದೆ. ಎರಡು ವಾರ ಇವತ್ತಿಗೆ ಮುಗಿಯುತ್ತಿತ್ತು.

"ಎಷ್ಟು ಸಲ ಆಡಿದ್ದೀರಿ?"

"ನಾಲ್ಕು."

ಅಂದರೆ ಒಂದು ಗಂಟೆ ಮೂವತ್ತಾರು ನಿಮಿಷ. ಇನ್ನೊಂದು ಸಲ ಆಡಿದರೆ ಸರಿಯಾಗಿ ಎರಡು ಗಂಟೆ. ಚಿಜುರು ಬೆರಳು ಮಡಿಸಿ ಎಣಿಸಿ, ದೇವರು ದೊಡ್ಡವನು ಅಂದುಕೊಂಡಳು.

"ವಾಪಸ್ ಮಾಡಿ."

"ಆಯ್ತು," ಎಂದ ತೆತ್ಸುಜಿ.

ಅವನಿಗೆ ವಾಪಸ್ ಕೊಡುವ ಮನಸ್ಸಿರಲಿಲ್ಲ. ಆದರೆ ಅದನ್ನು ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. ಮೂವತ್ತನಾಲ್ಕು ವರ್ಷ ಅವನು ಕಟ್ಟಡಗಳ ಮೇಲೆ ಉಕ್ಕಿನ ತೊಲೆ ಜೋಡಿಸುವ ಕೆಲಸ ಮಾಡಿದ್ದ. ಆರು ವರ್ಷದ ಹಿಂದೆ ಒಳಕಿವಿಯ ಕಾಯಿಲೆ ಬಂದು ತಲೆಸುತ್ತು ಶುರುವಾಯಿತು. ಡಾಕ್ಟರು ಏಣಿಯನ್ನೂ ಹತ್ತಬಾರದು ಎಂದರು. ಈಗ ರೈಲು ನಿಲ್ದಾಣದ ಹತ್ತಿರ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸುವುದು ಅವನ ಕೆಲಸ.

ಚಿಜುರುಗೆ ಅನುಮಾನ ಬಂತು. ಮೂಲಂಗಿ ಹತ್ತು ಯೆನ್ ಜಾಸ್ತಿ ಆಯಿತೆಂದು ಅರ್ಧ ದಿನ ವಾದ ಮಾಡುವ ಮನುಷ್ಯ, ಒಂದೇ ಮಾತಿಗೆ ಆಯ್ತು ಅಂದುಬಿಟ್ಟನಲ್ಲ.

"ಏನಿದೆ ಅದರಲ್ಲಿ? ಬೆತ್ತಲೆ ಹುಡುಗೀರಾ?"

"ಇದ್ದಿದ್ರೆ ಹೀಗೆ ತಲೆ ತಿರುಗಿ ಮಲಗ್ತಿದ್ನಾ?" ಅವನು ಟವೆಲ್ಲನ್ನು ತಿರುಗಿಸಿ ಹಾಕಿಕೊಂಡ. "ಒಂದು ಸಲ ಆಡಿದ್ರೆ ಅರ್ಧ ಗಂಟೆ ಏಳೋಕಾಗಲ್ಲ. ಇದಕ್ಕಿಂತ ಉದ್ದ ಇದ್ದಿದ್ರೆ ನನ್ನ ಕೈಲಿ ಆಗ್ತಾನೇ ಇರಲಿಲ್ಲ ಕಣೆ."

"ದುಡ್ಡು ಕೊಟ್ಟು ತಲೆಸುತ್ತು ತಂದ್ಕೊಳ್ಳೋರನ್ನ ಇವತ್ತೇ ನೋಡಿದ್ದು. ಇಲ್ಲಿ ಕೊಡಿ. ಐದು ನಿಮಿಷ ನೋಡಿ ತೆಗೀತೀನಿ."

ಅವನು ಬೇಡವೆನ್ನುವಷ್ಟರಲ್ಲಿ ಅವಳು ಕನ್ನಡಕವನ್ನು ಕಣ್ಣಿಗೇರಿಸಿಕೊಂಡು, ಕೂದಲಿಗೆ ಸಿಕ್ಕಿಕೊಂಡ ಪಟ್ಟಿಯನ್ನು ಬೈಯುತ್ತ ಬಿಗಿದುಕೊಂಡಾಗಿತ್ತು. ತೆತ್ಸುಜಿ ಆಟ ಆಡಿಸುವ ಎರಡು ಹಿಡಿಗಳನ್ನು ಅವಳ ಕೈಗೆ ಕೊಟ್ಟು, ಗೋಡೆಯ ಗಡಿಯಾರ ನೋಡಿದ. ಮೂರೂ ಹತ್ತು.

"ಪಂಜರದ ಹಾಗಿದೆ. ಮೇಲೆ ಹೋಗ್ತಿದೆ," ಎಂದಳು ಚಿಜುರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಹೋಗ್ತಾನೇ ಇದೆಯಲ್ಲ, ನಿಲ್ಲಲ್ವಾ ಇದು?"

"ನಿಲ್ಲುತ್ತೆ. ಬಾಗಿಲು ತೆಗೆದ ಮೇಲೆ ಮುಂದೆ ಒಂದು ತೊಲೆ ಇರುತ್ತೆ. ಅದರ ಮೇಲೆ ನಡ್ಕೊಂಡು ಹೋಗಿ, ಆ ಕಡೆ ನಾಲ್ಕು ಬೋಲ್ಟು ಬಿಗೀಬೇಕು. ಆಮೇಲೆ ಅಲ್ಲೇ ಕೂತು ಬುತ್ತಿ ಊಟ ಮಾಡಿ ಇಳಿಯೋದು. ಅಷ್ಟೇ ಆಟ."

ಅವಳು ಒಂದು ಹೆಜ್ಜೆ ಇಟ್ಟಳು. ಕೆಳಗೆ ನೋಡಿದಳು. ಮರುಕ್ಷಣ ಚಾಪೆಯ ಮೇಲೆ ಮಂಡಿಯೂರಿ ಕೂತು, ಎರಡೂ ಕೈಯಿಂದ ಚಾಪೆಯ ಅಂಚನ್ನು ಹುಡುಕತೊಡಗಿದಳು. ಹಿಡಿಗಳು ನೆಲಕ್ಕೆ ಬಡಿದು ಟಕಟಕ ಅಂದವು.

"ತೆಗೆದುಬಿಡೇ, ಅದು ಬರೀ ಚಾಪೆ."

"ನಂಗೊತ್ತು ಚಾಪೆ ಅಂತ. ಕಾಲಿಗೆ ಗೊತ್ತಾಗ್ತಿಲ್ಲ."

ಅವಳು ಕನ್ನಡಕ ತೆಗೆಯಲಿಲ್ಲ. ಹಾಗೆಯೇ ಇದ್ದಳು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ನಡುನಡುವೆ ತಲೆ ಎತ್ತಿ ಅತ್ತ ಇತ್ತ ನೋಡುತ್ತಿದ್ದಳು, ಮತ್ತೆ ತಗ್ಗಿಸುತ್ತಿದ್ದಳು. ಕೊನೆಗೆ ಬಾಯಿ ಬಿಟ್ಟಾಗ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಇದು ಎಷ್ಟನೇ ಮಹಡಿ?"

"ನಲವತ್ತೆರಡು."

"ನೀವು ಕೆಲಸ ಮಾಡ್ತಿದ್ದಿದ್ದು?"

ಅವನು ಆ ಕೆಲಸದಲ್ಲಿದ್ದಾಗ, ಪ್ರತಿ ಸಂಜೆ ಅವಳು ಇವತ್ತು ಎಲ್ಲಿ ಎಂದು ಕೇಳುತ್ತಿದ್ದಳು. ಪ್ರತಿ ಸಂಜೆ ಅವನು ಒಂದೇ ಮಾತು ಹೇಳುತ್ತಿದ್ದ.

"ಮೂರನೇ ಮಹಡಿ ಅಂತಿದ್ರಿ. ಕೆಲವು ಸಲ ಎರಡನೇದು. ಮೂವತ್ತನಾಲ್ಕು ವರ್ಷ ಅದನ್ನೇ ಹೇಳಿದ್ರಿ."

"ನಿಜ ಹೇಳಿದ್ರೆ ನೀನು ರಾತ್ರಿ ನಿದ್ದೆ ಮಾಡ್ತಿದ್ಯಾ?"

"ಬುತ್ತಿ ಕಟ್ಟಿ ಕೊಡ್ತಿದ್ನಲ್ಲ, ಅದನ್ನ ಇಲ್ಲಿ ಕೂತು ತಿಂತಿದ್ರಾ?"

"ಹೂಂ. ತೊಲೆ ಇಷ್ಟು ಅಗಲ ಇರ್ತಿರ್ಲಿಲ್ಲ. ಇದರಲ್ಲಿ ಅರ್ಧ."

"ಸುಳ್ಳುಬುರುಕರು ನೀವು," ಎಂದಳು ಚಿಜುರು. ಕನ್ನಡಕದ ಕೆಳಗಿನಿಂದ ಕೆನ್ನೆಯ ಮೇಲೆ ನೀರು ಇಳಿಯಿತು. ಅವಳಿಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ತೋರಿಸಬೇಕೋ ಆ ಮನುಷ್ಯ ಕಣ್ಣಿಗೇ ಕಾಣಿಸುತ್ತಿರಲಿಲ್ಲ; ಕೆಳಗೆ ಬೆಂಕಿಪೊಟ್ಟಣದಷ್ಟು ಕಾರುಗಳು, ಎದುರಿಗೆ ಸಮುದ್ರ, ಅಷ್ಟೇ.

ಗಡಿಯಾರದಲ್ಲಿ ಮೂರೂವರೆ. ಅವಳಿನ್ನೂ ತೊಲೆಯ ಮೊದಲ ತುದಿಯಲ್ಲೇ ಇದ್ದಳು.

"ಚಿಜುರು, ಇನ್ನು ನಾಲ್ಕೇ ನಿಮಿಷ. ಈಗ ತೆಗೆದ್ರೆ ದುಡ್ಡು ವಾಪಸ್ ಬರುತ್ತೆ."

"ಸುಮ್ನಿರಿ. ಎದ್ದು ನಿಲ್ಲೋದು ಹೇಗೆ, ಅದನ್ನ ಹೇಳಿ."

ಅವನು ಹಣೆಯ ಟವೆಲ್ ತೆಗೆದಿಟ್ಟ.

"ಕಾಲು ನೋಡಬೇಡ. ಆ ತುದೀಲಿ ಕಂಬ ಇದೆಯಲ್ಲ, ಅದನ್ನ ನೋಡು. ಉಸಿರು ಬಿಡು. ಈಗ ಏಳು."

"ಬೀಳ್ತೀನಿ."

"ಬೀಳಲ್ಲ. ಇರು, ಬಂದೆ."

ತೆತ್ಸುಜಿ ಗೋಡೆ ಹಿಡಿದು ಎದ್ದ. ಕೋಣೆ ಒಂದು ಸುತ್ತು ತಿರುಗಿತು. ಅದು ನಿಲ್ಲುವವರೆಗೆ ಕಾದ. ಆಮೇಲೆ ಅವಳ ಬೆನ್ನ ಹಿಂದೆ ಹೋಗಿ ಏಪ್ರನ್ನಿನ ದಾರವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಬಿಗಿಯಾಗಿ ಹಿಡಿದ. ಚಿಜುರು ಎದ್ದು ನಿಂತು, ಬಲಗಾಲನ್ನು ಚಾಪೆಯಿಂದ ಎತ್ತಿದಳು.