ಅರ್ಧ ಪಾಲಿನ ಆಲ್ಬಂ

ತೀರಿಕೊಂಡ ಗಂಗಾಧರಯ್ಯನವರನ್ನು ಗುಣಿಯೊಳಗೆ ಪದ್ಮಾಸನ ಹಾಕಿಸಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಡುವವರೆಗೂ ಟೈಲರ್ ತಿಮ್ಮರಾಯಪ್ಪ ಹೇಗೋ ಅಳು ನುಂಗಿಕೊಂಡು ನಿಂತಿದ್ದ. ಅಷ್ಟರಲ್ಲಿ ಅವರ ಹೆಂಡತಿ ತೀರ್ಥಮ್ಮ ಸೆರಗಿನಡಿಯಿಂದ ನೀಲಿ ರಟ್ಟಿನ ಸ್ಟಾಂಪ್ ಆಲ್ಬಂ ತೆಗೆದು, ಇದೂ ಅವರ ಜೊತೆಗೇ ಹೋಗಲಿ ಎಂದರು. ತಿಮ್ಮರಾಯಪ್ಪ ಅಳು ಮರೆತು ಆಲ್ಬಮ್ಮನ್ನೇ ನೋಡಿದ.

ಅಜ್ಜಂಪುರದ ಪೇಟೆಯಲ್ಲಿ ಗಂಗಾಧರಯ್ಯನವರದು ಬಟ್ಟೆ ಅಂಗಡಿ, ಅದರ ಜಗಲಿಯ ಮೇಲೆ ಇವನ ಹೊಲಿಗೆ ಮಿಷನ್ನು. ಇಬ್ಬರೂ ಸಮುದ್ರ ಕಂಡವರಲ್ಲ, ತರೀಕೆರೆ ದಾಟಿ ಹೋಗುವುದೇ ಅಪರೂಪ. ಆದರೂ ಎಪ್ಪತ್ತೆರಡನೇ ಇಸವಿಯಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಬೆಂಗಳೂರಿನಿಂದ ತರಿಸಿದ ಫಿಜಿ ದೇಶದ ಒಂದು ಸ್ಟಾಂಪಿಗೆ ಇಬ್ಬರೂ ಮರುಳಾಗಿಬಿಟ್ಟರು. ಆಮೇಲೆ ಟೋಂಗಾ, ಸಮೋವಾ, ಬರಬರುತ್ತಾ ತುವಾಲು. ಅಂಚೆಯ ಮುದ್ರೆ ಬಿದ್ದದ್ದು ಬೇಡ, ಹಿಂದಿನ ಗೋಂದು ಹಾಗೇ ಇರುವ ಹೊಚ್ಚಹೊಸದೇ ಆಗಬೇಕು. ಖರ್ಚು ಅರ್ಧರ್ಧ. ಮಳೆಗಾಲದಲ್ಲಿ ತನ್ನ ಮನೆಯ ಗೋಡೆ ಒಸರುತ್ತದೆ, ಗೋಂದು ಅಂಟಿಕೊಂಡೀತು, ಆಲ್ಬಂ ಸಾಹುಕಾರರ ಬೀರುವಿನಲ್ಲೇ ಇರಲಿ ಎಂದವನು ತಿಮ್ಮರಾಯಪ್ಪನೇ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಬಿಡಿಸಿಕೊಂಡು, ಇದು ಯಾವ ಹಕ್ಕಿ, ಅದು ಯಾವ ಮೀನು ಎಂದು ಇಬ್ಬರೂ ಮಕ್ಕಳ ಹಾಗೆ ಜಗಳ ಆಡುತ್ತಿದ್ದರು. ಯಾರು ಸಾಹುಕಾರ, ಯಾರು ಟೈಲರ್ ಎಂಬುದು ಆಗ ಮರೆತೇಹೋಗುತ್ತಿತ್ತು. ಊರಿನವರ ಲೆಕ್ಕದಲ್ಲಿ ಮಾತ್ರ ಅದು ಸಾಹುಕಾರರ ಹುಚ್ಚು. ತಿಮ್ಮರಾಯಪ್ಪ ಪಕ್ಕದಲ್ಲಿ ಕೂತು ಹೂಂಗುಟ್ಟುವವನು. ಅರ್ಧ ತನ್ನದು ಎಂದು ಯಾರಿಗೂ ಹೇಳುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ.

ಈಗ ಬಂದಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದ.

"ಅಮ್ಮಾರೇ, ಅದ್ರಾಗೆ..."

"ಗೊತ್ತು ಕಣಪ್ಪಾ," ಎಂದರು ತೀರ್ಥಮ್ಮ. "ಅದ್ರಾಗೆ ಅವ್ರ ಜೀವ್ವೇ ಇತ್ತು. ಮನೇಲಿಟ್ಕಂಡು ನಾನೇನ್ ಮಾಡ್ಲಿ? ಕಂಡೋರ ಕೈಗೆ ಸಿಕ್ಕಿ ಹಾಳಾಗೋದು ಬ್ಯಾಡ."

ಅತ್ತು ಅತ್ತು ಆಕೆಯ ಮುಖ ಊದಿಕೊಂಡಿತ್ತು. ಆ ಮುಖಕ್ಕೆ ಏನೆಂದು ಹೇಳುವುದು? ಹೆಣದ ಮುಂದೆ ಪಾಲು ಕೇಳಲು ಬಂದ ಎಂದು ಊರೆಲ್ಲ ಉಗಿಯುತ್ತದೆ. ಹೌದು, ಅರ್ಧ ಅವನದೇ ಎಂದು ಸಾಕ್ಷಿ ಹೇಳಬಲ್ಲ ಒಬ್ಬರೇ ಒಬ್ಬರು ಕಣ್ಣು ಮುಚ್ಚಿಕೊಂಡು ಗುಣಿಯಲ್ಲಿ ಕೂತಿದ್ದರು. ಸಂಕಟದ ಜೊತೆಗೆ ಅವರ ಮೇಲೆ ಸಿಟ್ಟೂ ಬಂತು, ಹಿಂದೆಯೇ ನಾಚಿಕೆಯೂ ಆಯಿತು.

ಹೊತ್ತಾಗುತ್ತದೆ ಎಂದು ಮಠದ ಅಯ್ಯನೋರು ಅವಸರ ಮಾಡಿದರು.

"ಬ್ಯಾರೆಯೋರು ಮುಟ್ಟಿದ್ರೆ ಅವ್ರಿಗೆ ಆಯ್ತಿರ್ಲಿಲ್ಲ," ಎಂದರು ತೀರ್ಥಮ್ಮ, ಆಲ್ಬಂ ಇವನತ್ತ ಚಾಚಿ. "ನೀನೇ ಇಳ್ದು ಇಡು ತಿಮ್ರಾಯಪ್ಪ. ನಿನ್ ಕೈಯಿಂದ್ಲೇ ಆಗ್ಲಿ."

ಅಯ್ಯನೋರು ಅರೆಗಳಿಗೆ ಅನುಮಾನಿಸಿ, ಆಗಲಿ ಎಂದು ತಲೆಯಾಡಿಸಿದರು. ಯಾರೋ ತೋಳು ಹಿಡಿದು ಇಳಿಸಿದರು. ತಿಮ್ಮರಾಯಪ್ಪ ಆಲ್ಬಮ್ಮನ್ನು ಗಂಗಾಧರಯ್ಯನವರ ತೊಡೆಯ ಮೇಲಿಟ್ಟ. ಕೈ ತೆಗೆಯಲು ಮನಸ್ಸು ಬರಲಿಲ್ಲ. ಗುಣಿಗೆ ಸುರಿಯಲು ಉಪ್ಪಿನ ಪುಟ್ಟಿ ಹಿಡಿದು ಮೇಲೆ ಕಾಯುತ್ತಿದ್ದವರು, ಆಯ್ತೇನಪ್ಪಾ ಎಂದು ಕೇಳಿದರು. ಆಯ್ತು ಎಂದ.

ಗುಣಿ ಅವನ ತಲೆಗಿಂತ ಆಳವಿತ್ತು, ಒಬ್ಬನೇ ಹತ್ತಿ ಬರುವಂತಿರಲಿಲ್ಲ. ಎರಡೂ ಕೈ ಮೇಲೆತ್ತಿ, ಯಾರಾದರೂ ಎಳೆದುಕೊಳ್ಳಲಿ ಎಂದು ನಿಂತ.